ಜೋಡಿ ಟೀಚರ್

ಕುಮಟಾದಲ್ಲಿ ಬಸ್ಸು ಹತ್ತಿದ ಕೂಡಲೇ ಕಿಟಕಿ ಪಕ್ಕದ ಸೀಟು ಸಿಕ್ಕಿತೆಂದು ಸುಚಿತಾಗೆ ಖುಷಿಯಾಯಿತು, ಖುಷಿಯಾಯಿತಲ್ಲ ಎಂದು ನಾಚಿಕೆಯೂ ಆಯಿತು. ನಿನ್ನೆ ಮಧ್ಯಾಹ್ನದಿಂದ ತಾನು ತಪ್ಪಿತಸ್ಥೆ ಎನ್ನುವುದರಲ್ಲಿ ಅವಳಿಗೆ ಯಾವ ಅನುಮಾನವೂ ಉಳಿದಿರಲಿಲ್ಲ. ಆದರೂ ಬೆಳಿಗ್ಗೆ ಎರಡು ಬನ್ಸ್ ತಿಂದಿದ್ದಳು. ಮಧ್ಯಾಹ್ನ ಕಾರ್ಯಾಗಾರದವರು ಬಡಿಸಿದ ಪಾಯಸವನ್ನು ಕೇಳಿ ಎರಡನೇ ಸಲ ಹಾಕಿಸಿಕೊಂಡಿದ್ದಳು. ಮನಸ್ಸಿಗೆ ನೋವಾದವರಿಗೆ ಅನ್ನ ಸೇರುವುದಿಲ್ಲ ಎಂದು ಅವಳು ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದಳು. ಇವಳಿಗೆ ಸೇರುತ್ತಿತ್ತು. ನಲವತ್ತಾರು ವರ್ಷದ, ಇಪ್ಪತ್ತೆರಡು ವರ್ಷ ಬಿಸಿಲಲ್ಲಿ ಪೀಪಿ ಊದಿದ, ಬಿಪಿ ಇಲ್ಲದ ಶುಗರ್ ಇಲ್ಲದ ಈ ದೇಹ ರಾತ್ರಿ ತಲೆದಿಂಬಿಗೆ ತಲೆ ಕೊಟ್ಟರೆ ಐದು ನಿಮಿಷಕ್ಕೆ ನಿದ್ದೆ ಹೋಗುತ್ತದೆ, ನಿನ್ನೆಯೂ ಹೋಗಿತ್ತು. ಶಿರಾಲಿಯ ಹೈಸ್ಕೂಲಿನಲ್ಲಿ ಒಳ್ಳೆಯ ಹೆಸರಿದೆ, ಮಾವಳ್ಳಿಯಲ್ಲಿ ಸ್ವಂತ ಮನೆಯಿದೆ, ಗಂಡ ಸುಧಾಕರ ಬೋಟಿನ ಇಂಜಿನ್ ರಿಪೇರಿ ಮಾಡಿ ಎಣ್ಣೆ ವಾಸನೆಯಲ್ಲಿ ಮನೆಗೆ ಬಂದರೂ ಮುಖ ಸಿಂಡರಿಸಿಕೊಂಡು ಬಂದವನಲ್ಲ. ಇಷ್ಟು ಸುಖವಾಗಿರುವವಳು ಪಶ್ಚಾತ್ತಾಪ ಪಡುತ್ತೇನೆಂದರೆ ಯಾರು ನಂಬುತ್ತಾರೆ? ತಾನೇ ಪೂರ್ತಿ ನಂಬುತ್ತಿಲ್ಲ ಎಂಬುದೇ ಅವಳ ಕಸಿವಿಸಿಯಾಗಿತ್ತು.

ಕಂಡಕ್ಟರ್ ಬಂದು ಕೈ ಚಾಚಿದ. ಆಧಾರ್ ಕಾರ್ಡು ತೋರಿಸುತ್ತ ‘ಮಾವಳ್ಳಿ’ ಎನ್ನಬೇಕಾದವಳು ‘ಹೊನ್ನಾವರ’ ಎಂದಳು. ಅವನು ಸೊನ್ನೆ ರೂಪಾಯಿಯ ಟಿಕೇಟು ಹರಿದು ಕೊಟ್ಟು ಮುಂದೆ ಹೋದ. ದುಡ್ಡು ಕೊಟ್ಟು ಟಿಕೇಟು ತೆಗೆಯುವ ಕಾಲವಾಗಿದ್ದರೆ ಬಾಯಿಗೆ ಮಾವಳ್ಳಿಯೇ ಬರುತ್ತಿತ್ತೇನೋ. ಹೆಂಗಸರಿಗೆ ಪುಕ್ಕಟೆ ಮಾಡಿದ್ದರಿಂದ ಎಲ್ಲಿ ಬೇಕಾದರೂ ಇಳಿಯುವ ಧೈರ್ಯ ಬಂದಿದೆ ಎಂದುಕೊಂಡಳು. ಹೊನ್ನಾವರದ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಹಳೆಯ ಶಿಷ್ಯೆ ಶ್ರೀಗೌರಿಯ ಮೆಡಿಕಲ್ ಶಾಪ್ ಇರುವುದು ಅವಳಿಗೆ ಗೊತ್ತಿತ್ತು. ಮೂರು ವರ್ಷದಿಂದ ಗೊತ್ತಿತ್ತು. ತಾಯಿಯ ಗುಳಿಗೆಗಳನ್ನು ಹೊನ್ನಾವರದಲ್ಲೇ ಕೊಳ್ಳುವವಳಾದರೂ ಆ ರಸ್ತೆ ಬಿಟ್ಟು, ಎರಡು ತಿರುವು ಸುತ್ತಿ, ಇನ್ನೊಂದು ಅಂಗಡಿಗೆ ಹೋಗುತ್ತಿದ್ದಳು. ಹಾಗೆ ಹೋಗುವಾಗ ಪ್ರತಿಸಲವೂ ಆ ಅಂಗಡಿಯವನು ಚಿಲ್ಲರೆ ಸರಿಯಾಗಿ ಕೊಡುತ್ತಾನೆ ಎಂಬ ಕಾರಣವನ್ನು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಫೋನ್‌ಪೇ ಬಂದಮೇಲೂ ಅದೇ ಕಾರಣ ಹೇಳಿಕೊಳ್ಳುತ್ತಿದ್ದಳು.

ನಿನ್ನೆ ಕುಮಟಾ, ಹೊನ್ನಾವರ, ಭಟ್ಕಳ ಮೂರೂ ತಾಲೂಕಿನ ದೈಹಿಕ ಶಿಕ್ಷಕರನ್ನು ಕುಮಟಾದ ಒಂದು ಸಭಾಂಗಣದಲ್ಲಿ ಕೂಡಿಸಿದ್ದರು. ಕಲಿಸಲು ಬಂದವನು ಸಂದೇಶ ಅಂತ, ಹೆಚ್ಚೆಂದರೆ ಇಪ್ಪತ್ತೆಂಟು ವರ್ಷದ ಫಿಸಿಯೋ. ಓಡುವುದು, ಹಾರುವುದು, ಇಳಿಯುವುದು, ಇವುಗಳಲ್ಲಿ ಮೈ ಹೇಗೆ ಕೆಲಸ ಮಾಡುತ್ತದೆ ಎಂದು ಎರಡು ದಿನ ಹೇಳುವವನಿದ್ದ. ಮೊದಲ ಅರ್ಧ ದಿನ ಯಾರೂ ಕಿವಿಗೊಡಲಿಲ್ಲ. ಊಟವಾದಮೇಲೆ ಅವನು ಒಂದು ಬೆಂಚು ಹಾಕಿಸಿ, ಒಬ್ಬೊಬ್ಬರಾಗಿ ಅದರಿಂದ ಹಾರಿ ಇಳಿಯಿರಿ, ವಿಡಿಯೋ ತೆಗೆದು ಗೋಡೆಯ ಮೇಲೆ ನಿಧಾನಕ್ಕೆ ಬಿಟ್ಟು ನೋಡೋಣ ಎಂದಾಗ ಎಲ್ಲರಿಗೂ ಎಚ್ಚರವಾಯಿತು. ಸುಚಿತಾಗೆ ಹಾರುವುದರಲ್ಲಿ ಹೆಮ್ಮೆ. ಚೂಡಿದಾರದ ವೇಲು ಸೊಂಟಕ್ಕೆ ಸಿಕ್ಕಿಸಿಕೊಂಡು ಹಾರಿದಳು, ಸದ್ದಾಗದಂತೆ ಇಳಿದಳು, ಮುಗುಳ್ನಕ್ಕು ಗೋಡೆಯ ಕಡೆ ತಿರುಗಿದಳು. ಗೋಡೆಯ ಮೇಲೆ ಅವಳ ಪಾದ ನೆಲಕ್ಕೆ ತಾಗಿದ ಗಳಿಗೆಯಲ್ಲೇ ಸಂದೇಶ ಚಿತ್ರ ನಿಲ್ಲಿಸಿದ್ದ. ಎರಡು ಮೊಣಕಾಲೂ ಒಂದಕ್ಕೊಂದು ಹಣೆ ತಾಗಿಸಿ ಗುಟ್ಟು ಹೇಳಿಕೊಳ್ಳುವ ಹಾಗೆ ಒಳಕ್ಕೆ ಬಿದ್ದಿದ್ದವು. ಅವನು ಬೆರಳಿನಲ್ಲಿ ಸೊಂಟದಿಂದ ಮೊಣಕಾಲಿಗೆ, ಮೊಣಕಾಲಿಂದ ಪಾದಕ್ಕೆ ಒಂದು ಕೆಂಪು ಗೆರೆ ಎಳೆದ. ಗೆರೆ ನಡುವೆ ಮುರಿದಿತ್ತು. ‘ಸುಚಿತಾ ಮೇಡಂ, ಸ್ಕೂಟಿ ಹಿಂದೆ ಒಂದೇ ಬದಿ ಕೂತವರು ಇಳಿದ ಹಾಗೆ ಇಳಿದ್ರಲ್ರೀ’ ಎಂದು ಭಟ್ಕಳದ ಮಹಾಬಲ ಮಾಸ್ತರು ಕೂಗಿದರು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಸಂದೇಶ ಮಾತ್ರ ನಗದೆ, ‘ಯಾರು ಕಲಿಸಿದ್ದು ಮೇಡಂ ಹೀಗೆ?’ ಎಂದು ಕೇಳಿದ.

ಯಾರು ಕಲಿಸಿದ್ದು ಎಂಬುದಕ್ಕಿಂತ ತಾನು ಯಾರಿಗೆ ಕಲಿಸಿದೆ ಎಂಬುದೇ ಆ ಕ್ಷಣ ತಲೆಗೆ ಬಂದದ್ದು. ಅವನು ವಿವರಿಸುತ್ತ ಹೋದ. ಹುಡುಗಿಯರಿಗೆ ಸೊಂಟ ಅಗಲ, ತೊಡೆ ಒಳಕ್ಕೆ ಓರೆಯಾಗಿ ಬರುತ್ತದೆ, ಮೊಣಕಾಲಿಗೆ ಮೊದಲೇ ಒಳಗೆ ವಾಲುವ ಸ್ವಭಾವ. ಇಳಿಯುವಾಗ ಮೊಣಕಾಲು ಕಾಲ್ಬೆರಳುಗಳ ನೇರಕ್ಕೆ ಇರಬೇಕು, ಸೊಂಟ ಹಿಂದೆ ಹೋಗಬೇಕು, ಕುರ್ಚಿಯಲ್ಲಿ ಕೂರುವ ಹಾಗೆ. ‘ಅದರ ಮೇಲೆ ನಾವೇ ಕಾಲು ಕೂಡಿಸು ಅಂತ ಹೇಳಿದ್ರೆ ಮುಗೀತು. ಇವತ್ತಲ್ಲ ನಾಳೆ ಒಳಗಿನ ಲಿಗಮೆಂಟು ಹರಿದೇ ಹರೀತದೆ.’ ಉಳಿದವರೆಲ್ಲ ಬರೆದುಕೊಂಡರು. ಸುಚಿತಾಳ ಪೆನ್ನು ‘ಕೂಡಿಸು’ ಎಂಬಲ್ಲಿ ನಿಂತಿತು. ಯಾಕೆಂದರೆ ಅವಳ ಹೆಸರೇ ಜೋಡಿ ಟೀಚರ್. ಹುಡುಗಿಯರು ವಾಲಿಬಾಲ್ ನೆಟ್ಟಿನ ಮುಂದೆ ಹಾರಿ ಇನ್ನೂ ಗಾಳಿಯಲ್ಲಿರುವಾಗ ಅವಳು ಅಂಗಳದ ಅಂಚಿನಿಂದ ‘ಜೋಡಿ!’ ಎಂದು ಕೂಗುತ್ತಿದ್ದಳು, ಅವರು ಎರಡು ಮೊಣಕಾಲನ್ನೂ ಜೋಡಿಸಿ ಇಳಿಯುತ್ತಿದ್ದರು. ಆರು ಹುಡುಗಿಯರು ಒಟ್ಟಿಗೆ ಹಾಗೆ ಇಳಿಯುವುದನ್ನು ನೋಡಲು ಚಂದವಿತ್ತು. ಬೇರೆ ಶಾಲೆಯವರು ಬಂದು ನೋಡಿ ಹೊಗಳುತ್ತಿದ್ದರು, ಮುಖ್ಯವಾಗಿ ಹುಡುಗಿಯರ ಅಪ್ಪಂದಿರು ಹೊಗಳುತ್ತಿದ್ದರು.

ಅದು ಅವರಿಗಾಗಿಯೇ ಹುಟ್ಟಿದ ಪಾಠವಲ್ಲವೇ? ಆಗ ಅವಳು ಶರಾವತಿ ಹೊಳೆಯಾಚೆಯ ಒಂದು ಹೈಸ್ಕೂಲಿಗೆ ಹೊಸತಾಗಿ ಹೋಗಿದ್ದಳು. ತೋಟದ ಮನೆಗಳಿಂದ ಬರುವ ಹುಡುಗಿಯರೇ ಹೆಚ್ಚು. ಮೊದಲ ವಾರವೇ ಶಾಲಾ ಸಮಿತಿಯ ಒಬ್ಬ ಹಿರಿಯರು ಬಂದು, ಬಹಳ ಮರ್ಯಾದೆಯಿಂದಲೇ, ‘ಆಟ ಆಡಿಸಿ ಮೇಡಂ, ಬೇಡ ಅಂತಲ್ಲ. ಆದ್ರೆ ಹೆಣ್ಣುಮಕ್ಕಳು ಕಾಲು ಅಗಲಿಸಿ ಕುಪ್ಪಳಿಸೂದು ನೋಡೂಕೆ ಸಮ ಕಾಣ್ತಿಲ್ಲ’ ಎಂದರು. ಅವರು ಅಷ್ಟೇ ಹೇಳಿದ್ದು. ಇವಳಿಗೆ ಕೇಳಿಸಿದ್ದು ಮಾತ್ರ ಅದಕ್ಕಿಂತ ಹೆಚ್ಚು: ಮೀನು ಮಾರುವವಳ ಮಗಳು ನಮ್ಮ ಮಕ್ಕಳಿಗೆ ಇನ್ನೇನು ಕಲಿಸಿಯಾಳು! ಅವರ ಮನಸ್ಸಿನಲ್ಲಿ ಅದು ಇತ್ತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಇವಳ ಮನಸ್ಸಿನಲ್ಲಂತೂ ಇತ್ತು. ಟ್ರೇನಿಂಗ್ ಕಾಲೇಜಿನ ಗೆಳತಿಯರು ಒಮ್ಮೆ ಭಟ್ಕಳಕ್ಕೆ ಬಂದಾಗ ಮೀನುಪೇಟೆಯ ದಾರಿ ತಪ್ಪಿಸಿ, ಬಳೆ ಅಂಗಡಿ ತೋರಿಸುತ್ತೇನೆಂದು ಆಚೆ ಬದಿಗೆ ಎಳೆದುಕೊಂಡು ಹೋದವಳು ಅವಳು. ಪೇಟೆಯಲ್ಲಿ ತಾಯಿ ಕಮಲಿ ಸೀರೆ ಮೇಲಕ್ಕೆ ಕಟ್ಟಿ, ಮೊಣಕಾಲು ಅಗಲಿಸಿ ಕುಕ್ಕರುಗಾಲಲ್ಲಿ ಕೂತು, ಮೆಟ್ಟುಗತ್ತಿಯಲ್ಲಿ ಇಸ್ವಾಣ ಮೀನು ತುಂಡು ಮಾಡುತ್ತ ಗಿರಾಕಿಗಳ ಜೊತೆ ಜಗಳವಾಡುತ್ತಿದ್ದಳು. ಆ ಕೂರುವ ಬಗೆ ಯಾರ ಕಣ್ಣಿಗೂ ಬೀಳಬಾರದಿತ್ತು. ಆ ಹಿರಿಯರು ಬಂದುಹೋದ ಮರುದಿನದಿಂದಲೇ ಶಾಲೆಯಲ್ಲಿ ‘ಜೋಡಿ’ ಶುರುವಾಯಿತು. ಯಾವ ಪುಸ್ತಕದಲ್ಲೂ ಅದು ಇರಲಿಲ್ಲ. ಅದನ್ನು ಕಲಿಸುವಾಗ ಅವಳು ಒಂದು ವಿದ್ಯೆಯನ್ನೇ ಕಲಿಸುತ್ತಿರುವ ಮುಖ ಮಾಡುತ್ತಿದ್ದಳು.

ಧಾರೇಶ್ವರ ಹೋಯಿತು, ಹಳದೀಪುರ ಬಂತು. ಇವತ್ತು ಬೆಳಿಗ್ಗೆ ಮನೆಯ ಹಿತ್ತಲಲ್ಲಿ ಕಮಲಿ ಬಂಗಡೆ ಹೆಚ್ಚುತ್ತಿದ್ದಳು. ಎಪ್ಪತ್ತಮೂರು ವರ್ಷ, ಹಿಮ್ಮಡಿ ಪೂರ್ತಿ ನೆಲಕ್ಕೆ ಊರಿತ್ತು, ಬೆನ್ನು ನೆಟ್ಟಗಿತ್ತು, ಮೊಣಕಾಲು ಒಂದೊಂದೂ ತನ್ನ ಪಾದದ ನೇರಕ್ಕೆ ಹೊರಗೆ ನೋಡುತ್ತಿತ್ತು. ಸುಚಿತಾ ಹಲ್ಲುಜ್ಜುತ್ತಿದ್ದವಳು ಬ್ರಶ್ ಬಾಯಲ್ಲೇ ಇಟ್ಟುಕೊಂಡು ಫೋನು ತಂದು ವಿಡಿಯೋ ತೆಗೆದಳು.

‘ಎಂತಕ್ಕೆ ತೆಗೀತೆ ಮುದ್ಕಿ ಫೋಟೋ?’

‘ಕಾಲು ನೋಡೂಕೆ ಅಬ್ಬೆ.’

‘ಇಷ್ಟ್ ವರ್ಷ ನೋಡ್ದೆ ಇದ್ದದ್ದು, ಇವತ್ತೆಂತ ಹೊಸದಾಗಿ ಮೂಡ್ತಾ ನಂಗೆ ಕಾಲು?’

ಸುಚಿತಾ ಬಾಯಿ ತೊಳೆದು ಬಂದು, ಪಕ್ಕದಲ್ಲಿ ಕೂತು, ಯಾರಿಗೂ ಹೇಳದಿದ್ದುದನ್ನು ಹೇಳಿದಳು. ಹನ್ನೊಂದು ವರ್ಷದ ಹಿಂದೆ ವಾಲಿಬಾಲ್ ಫೈನಲ್ಲಿನಲ್ಲಿ ಹಳೆಯ ಶಾಲೆಯ ಶ್ರೀಗೌರಿ ಎಂಬ ಹುಡುಗಿ ಹಾರಿ ಇಳಿದಾಗ ಮೊಣಕಾಲು ಟಕ್ ಎಂದದ್ದು, ಆಮೇಲೆ ಅವಳು ಎಂದೂ ಆಡದಿದ್ದುದು, ಅದು ತಾನು ಕಲಿಸಿದ್ದರಿಂದಲೇ ಆದದ್ದೆಂದು ನಿನ್ನೆ ಗೊತ್ತಾದದ್ದು. ಕಮಲಿ ಕತ್ತಿ ನಿಲ್ಲಿಸದೆ ಕೇಳಿದಳು. ಅವಳು ಅಯ್ಯೋ ಅನ್ನಲಿಲ್ಲ, ಹೋಗಲಿ ಬಿಡು ಎಂದೂ ಅನ್ನಲಿಲ್ಲ. ‘ಹೋಗಿ ಹೇಳು’ ಎಂದಳು. ‘ಅವಳು ಮರೆತಿರೂಕೂ ಸಾಕು ಅಬ್ಬೆ’ ಎಂದದ್ದಕ್ಕೆ, ‘ಅವಳು ಮರೆತ್ರೆ ಅವಳ ಪುಣ್ಯ. ಹಳಸಿದ ಮೀನನ್ನ ಬುಟ್ಟಿ ಅಡಿಗೆ ಹಾಕಿಟ್ರೆ ತಾಜಾ ಆತ್ತಾ?’ ಎಂದಳು. ಆದರೆ ಸುಚಿತಾ ತಾಯಿಗೂ ಎಲ್ಲವನ್ನೂ ಹೇಳಿರಲಿಲ್ಲ. ಒಂದು ಮಾತು ಬಿಟ್ಟಿದ್ದಳು, ಅದೇ ಎಲ್ಲಕ್ಕಿಂತ ಕೆಟ್ಟದ್ದು.

ಬಸ್ಸು ಕರ್ಕಿ ದಾಟುವಾಗ ಆ ಮಾತು ತಾನಾಗಿ ಬಂತು. ಅಂಗಳದ ಧೂಳು, ಟೆಂಟಿನ ನೆರಳು, ಬೆಂಚಿನ ಮೇಲೆ ಮಲಗಿಸಿದ ಹುಡುಗಿ ತುಟಿ ಕಚ್ಚಿಕೊಂಡಿದ್ದಳು, ಅಳಲಿಲ್ಲ. ಅವಳ ಅಪ್ಪ ಕೃಷ್ಣಾನಂದ ಹೆಗಡೆಯವರು ಜನರನ್ನು ಸರಿಸಿಕೊಂಡು ಬಂದು ‘ಎಂತ ಆತು ಮೇಡಂ?’ ಎಂದು ಕೇಳಿದರು. ಕೇಳಿದ ದನಿಯಲ್ಲಿ ಬೈಗುಳ ಇರಲಿಲ್ಲ, ಬರೀ ಗಾಬರಿ. ಸುಚಿತಾಗೆ ಮಾತ್ರ ಆ ಕ್ಷಣ ಇಡೀ ಅಂಗಳ ತನ್ನನ್ನೇ ನೋಡುತ್ತಿದೆ ಎನ್ನಿಸಿ, ‘ಹೇಳಿದ ಹಾಗೆ ಇಳೀಲಿಲ್ಲ ಅವಳು. ಎಷ್ಟು ಸಲ ಹೇಳಿದ್ದೆ’ ಎಂದುಬಿಟ್ಟಳು. ಅಂದಾಗ ಅದು ಸುಳ್ಳೆಂದು ಗೊತ್ತಿತ್ತು. ಹುಡುಗಿ ಗಾಳಿಯಲ್ಲಿದ್ದಾಗ ಇವಳು ‘ಜೋಡಿ!’ ಎಂದು ಕೂಗಿದ್ದಳು, ಹುಡುಗಿ ಜೋಡಿಸಿಯೇ ಇಳಿದಿದ್ದಳು. ಕಲಿಸಿದ್ದು ತಪ್ಪೆಂದು ನಿನ್ನೆಯ ತನಕ ಗೊತ್ತಿರಲಿಲ್ಲ ಎನ್ನಬಹುದು, ಅದು ಅಜ್ಞಾನ, ಯಾರಿಗಾದರೂ ಆಗುತ್ತದೆ. ಈ ಮಾತಿಗೆ ಆ ಸಮಾಧಾನವೂ ಇಲ್ಲ. ಬೆಂಚಿನ ಮೇಲಿದ್ದ ಹುಡುಗಿ ತಲೆ ತಿರುಗಿಸಿ ಒಮ್ಮೆ ಇವಳ ಮುಖ ನೋಡಿದಳು, ಮತ್ತೆ ಆಕಾಶ ನೋಡಿದಳು. ಅಷ್ಟರಲ್ಲಿ ಕಂಡಕ್ಟರ್ ‘ಹೊನ್ನಾವರ, ಹೊನ್ನಾವರ’ ಎಂದ. ಸುಚಿತಾ ಎದ್ದು ನಿಂತು ಬ್ಯಾಗು ಹೆಗಲಿಗೇರಿಸಿದಳು.

ಮೆಡಿಕಲ್ ಶಾಪಿನಲ್ಲಿ ಇಬ್ಬರು ಗಿರಾಕಿಗಳಿದ್ದರು. ಶ್ರೀಗೌರಿ ಸ್ಟೂಲಿನ ಮೇಲೆ ನಿಂತು ಮೇಲಿನ ಅರೆಯಿಂದ ಏನೋ ತೆಗೆಯುತ್ತಿದ್ದಳು. ಇಪ್ಪತ್ತೇಳು ವರ್ಷದ ಹೆಂಗಸು, ಬಿಳಿ ಕೋಟು, ಜಡೆ ಅದೇ ಜಡೆ. ಇಳಿಯುವಾಗ ಎಡಗೈಯಿಂದ ಅರೆ ಹಿಡಿದು, ಬಲಗಾಲನ್ನು ಬಗ್ಗಿಸದೆ ಮೊದಲು ಕೆಳಗಿಟ್ಟು, ಭಾರವೆಲ್ಲ ಎಡಗಾಲಿನ ಮೇಲೇ ಉಳಿಸಿಕೊಂಡು ಇಳಿದಳು. ಬೇರೆ ಯಾರು ನೋಡಿದರೂ ಅದರಲ್ಲಿ ವಿಶೇಷ ಕಾಣುತ್ತಿರಲಿಲ್ಲ. ಸುಚಿತಾಗೆ ಕಂಡಿತು. ಹನ್ನೊಂದು ವರ್ಷದಲ್ಲಿ ದಿನಕ್ಕೆ ಎಷ್ಟು ಸಲ ಈ ಹುಡುಗಿ ಹೀಗೆ ಲೆಕ್ಕ ಹಾಕಿ ಇಳಿದಿರಬಹುದು ಎಂದುಕೊಂಡಾಗ ಕಡೆಗೂ ಕಣ್ಣು ತುಂಬಿತು. ಆ ನೋವು ಬಂದದ್ದಕ್ಕೆ ಅವಳಿಗೆ ಒಂದು ಥರದ ಸಮಾಧಾನವೇ ಆಯಿತು.

‘ಟೀಚರ್!’ ಎಂದಳು ಶ್ರೀಗೌರಿ. ದನಿಯಲ್ಲಿ ಬೇಸರವಿರಲಿಲ್ಲ, ಬೆರಗಿತ್ತು. ‘ಬನ್ನಿ, ಕೂತ್ಕಳಿ. ಯಾರಿಗೆ ಔಷಧಿ?’

‘ಔಷಧಿಗೆ ಬರಲಿಲ್ಲ’ ಎಂದಳು ಸುಚಿತಾ, ಕೂರಲೂ ಇಲ್ಲ. ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಪೀಠಿಕೆ ಎಲ್ಲ ಮರೆತುಹೋಗಿತ್ತು. ಕೌಂಟರಿನ ಗಾಜಿನ ಮೇಲೆ ಎರಡು ಕೈ ಊರಿ, ಮೊಣಕಾಲಿನ ವಿಷಯ ಹೇಳಿದಳು. ಗೋಡೆಯ ಮೇಲಿನ ಕೆಂಪು ಗೆರೆ ಹೇಳಿದಳು, ಅದು ಮುರಿದದ್ದು ಹೇಳಿದಳು, ಜೋಡಿ ಎಂದು ಕಲಿಸಿದ್ದು ಆಟಕ್ಕಲ್ಲ, ಜನ ಆಡಿಕೊಳ್ಳುತ್ತಾರೆ ಎಂಬ ಹೆದರಿಕೆಗೆ ಎಂದು ಹೇಳಿದಳು. ಕೊನೆಗೆ, ‘ನೀನು ನಾನು ಹೇಳಿದ ಹಾಗೇ ಇಳಿದಿದ್ದೆ. ನಿನ್ನ ಅಪ್ಪನ ಹತ್ರ ನಾನು ಸುಳ್ಳು ಹೇಳಿದೆ’ ಎಂದಳು. ಕೆಮ್ಮಿನ ಔಷಧಿಗೆ ನಿಂತಿದ್ದ ಹಮ್ಮ ಎಂಬ ಮುದುಕ ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿ ಇಬ್ಬರನ್ನೂ ನೋಡಿದ.

ಶ್ರೀಗೌರಿ ಕತ್ತರಿ ಎತ್ತಿಕೊಂಡಳು. ಇನ್ನೊಬ್ಬ ಗಿರಾಕಿಗೆ ಗುಳಿಗೆಯ ಪಟ್ಟಿ ಕತ್ತರಿಸಿ ಕೊಟ್ಟಳು. ಆಮೇಲೆ, ‘ಮೊಣಕಾಲಿಂದು ಹೋಗ್ಲಿ ಟೀಚರ್. ನಿಮಗೂ ಗೊತ್ತಿರಲಿಲ್ಲ. ಆಪರೇಷನ್ ಆಯ್ದು, ನಡೀತೆ, ಸ್ಕೂಟಿ ಬಿಡ್ತೆ’ ಎಂದಳು. ‘ಆ ಎರಡನೇದು ಇದ್ಯಲ್ಲ, ಅದು ಇನ್ನೂ ನೋಯ್ತದೆ. ಅಪ್ಪಯ್ಯ ಹನ್ನೊಂದು ವರ್ಷದಿಂದ ಅದೊಂದೇ ಹೇಳ್ತ್ರು, ಟೀಚರ್ ಮಾತು ಕೇಳದೆ ಕಾಲು ಮುರ್ಕಂಡವಳು ಇವಳು ಅಂತ. ಫಾರ್ಮಸಿ ಓದ್ತೆ ಅಂದಾಗ ಹೇಳಿದ್ರು. ಅಂಗಡಿ ಹಾಕ್ತೆ ಅಂದಾಗ ಹೇಳಿದ್ರು. ಅವರು ನೋಡಿದ ಹುಡುಗ ಬೇಡ ಅಂದಾಗ ಊಟದ ಪಂಕ್ತಿಯಲ್ಲೇ ಹೇಳಿದ್ರು. ನಾ ಕೇಳಿದ್ದೆ, ಹೇಳಿದ ಹಾಗೇ ಮಾಡಿದ್ದೆ ಅಂದ್ರೆ ಯಾರು ನಂಬ್ತಾರೆ? ಟೀಚರೇ ಹೇಳಿದ್ರಲ್ಲ.’

ಒಂದು ವಾಕ್ಯ ಅಷ್ಟು ದೂರ ನಡೆದುಕೊಂಡು ಹೋಗಿರುತ್ತದೆ, ಒಂದು ಮನೆಯಲ್ಲಿ ಹನ್ನೊಂದು ವರ್ಷ ಊಟಕ್ಕೆ ಕೂತಿರುತ್ತದೆ ಎಂದು ಸುಚಿತಾ ಎಣಿಸಿರಲಿಲ್ಲ. ‘ನಾನು ಎಂತ ಮಾಡಲಿ?’ ಎಂದು ಕೇಳಿದಳು, ಸಣ್ಣ ಮಗುವಿನ ಹಾಗೆ.

‘ನನಗೆ ಹೇಳಿ ಎಂತ ಪ್ರಯೋಜನ ಟೀಚರ್, ನನಗೆ ಗೊತ್ತಿದ್ದದ್ದೇ. ಯಾರಿಗೆ ಹೇಳಿದ್ರೋ ಅವರಿಗೇ ಹೇಳಿ’ ಎಂದು ಶ್ರೀಗೌರಿ ಆಗಲೇ ಫೋನು ಒತ್ತುತ್ತಿದ್ದಳು. ‘ಅಪ್ಪಯ್ಯ, ಆನು. ನಮ್ಮ ವಾಲಿಬಾಲ್ ಟೀಚರ್ ಇಲ್ಲಿದ್ದ. ನಿನ್ನ ಹತ್ರ ಎಂತೋ ಹೇಳೂದಿದ್ದಡ’ ಎಂದು ಸ್ಪೀಕರಿಗೆ ಹಾಕಿ ಫೋನನ್ನು ಗಾಜಿನ ಮೇಲೆ ಇಟ್ಟಳು.

ಸುಚಿತಾ ಬಗ್ಗಿದಳು. ‘ಹೆಗಡೆಯವರೇ, ಆವತ್ತು ಫೈನಲ್ಲಿನಲ್ಲಿ ಶ್ರೀಗೌರಿ ನಾನು ಹೇಳಿದ ಹಾಗೇ ಇಳಿದಿದ್ದಳು. ಕಲಿಸಿದ್ದೇ ತಪ್ಪು. ನಿಮ್ಮ ಹತ್ರ ನಾನು ಸುಳ್ಳು ಹೇಳಿದ್ದೆ.’

‘ಎಂತ? ಸಮ ಕೇಳ್ಲಿಲ್ಲ. ನನಗೆ ಕಿವಿ ಮಂದ, ಸ್ವಲ್ಪ ದೊಡ್ಡಕ್ಕೆ ಹೇಳಿ’ ಎಂದಿತು ಫೋನು.

ಅವಳು ದೊಡ್ಡಕ್ಕೆ ಹೇಳಿದಳು. ಪಕ್ಕದ ಬೇಕರಿಯಿಂದ ಒಬ್ಬ ಹುಡುಗಿ ಇಣುಕಿದಳು. ಇನ್ನೊಬ್ಬ ಗಿರಾಕಿ ಔಷಧಿ ಕೈಯಲ್ಲಿದ್ದರೂ ಹೊರಡದೆ ಮೆಟ್ಟಿಲ ಮೇಲೆ ನಿಂತ. ಫೋನಿನೊಳಗೆ ಕೃಷ್ಣಾನಂದ ಹೆಗಡೆಯವರು ಗಂಟಲು ಸರಿಮಾಡಿಕೊಂಡರು. ‘ಇಲ್ಲಿ ಪಂಪಿನ ಸದ್ದು. ಬೇಜಾರ ಮಾಡ್ಕಳಬೇಡಿ, ಇನ್ನೊಂದು ಸಲ.’

ಮೂರನೇ ಸಲ ಹೇಳುವಾಗ ಅವಳ ದನಿ ತಾನಾಗಿ ಅಂಗಳದ ದನಿಯಾಯಿತು. ಅಂಚಿನಲ್ಲಿ ನಿಂತು ಆಚೆ ತುದಿಗೆ ಕೇಳುವ ಹಾಗೆ ಕೂಗುವ, ಇಪ್ಪತ್ತೆರಡು ವರ್ಷ ಪಳಗಿದ ದನಿ. ‘ಶ್ರೀಗೌರಿ ನನ್ನ ಮಾತು ಕೇಳಿದ್ದಳು! ತಪ್ಪು ನಂದು! ಅವಳದಲ್ಲ!’ ಎಂದಳು. ಮಾತು ಅಷ್ಟು ಚಿಕ್ಕದಾಗಿತ್ತು, ಹೇಳಲು ಅಷ್ಟು ಸುಲಭವಾಗಿತ್ತು, ಮೊದಲ ಸಲ ಯಾಕೆ ಅಷ್ಟು ಕಷ್ಟವಾಗಿತ್ತೋ. ರಸ್ತೆಯಲ್ಲಿ ಹೋಗುತ್ತಿದ್ದ ರಿಕ್ಷಾದವನೂ ತಿರುಗಿ ನೋಡಿದ. ಅವಳಿಗೆ ನಾಚಿಕೆಯಾಗಲಿಲ್ಲ.

ಆಚೆಯಿಂದ ಯಾವ ಪಂಪಿನ ಸದ್ದೂ ಬರಲಿಲ್ಲ. ಆಮೇಲೆ, ‘ಕೂಸಿನ ಹತ್ರ ಕೊಡಿ’ ಎಂದರು. ಶ್ರೀಗೌರಿ ಸ್ಪೀಕರ್ ತೆಗೆದು ಫೋನನ್ನು ಕಿವಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಅವರು ಏನು ಹೇಳಿದರೋ ಕೇಳಿಸಲಿಲ್ಲ. ಶ್ರೀಗೌರಿ ‘ಹೂಂ’ ಎಂದಳು, ಮತ್ತೆ ‘ಹೂಂ’ ಎಂದಳು, ‘ಇಲ್ಲೆ ಅಪ್ಪಯ್ಯ, ಅಳ್ತಿಲ್ಲೆ’ ಎಂದಳು. ಕೋಟಿನ ತೋಳಿನಿಂದ ಮುಖ ಒರೆಸಿಕೊಂಡು, ‘ಆತು, ಬತ್ತೆ’ ಎಂದು ಫೋನು ಕೆಳಗಿಟ್ಟಳು.

‘ನಂಗಂತೂ ಮೊದಲ್ನೇ ಸಲಕ್ಕೇ ಕೇಳ್ತಪ್ಪ’ ಎಂದ ಹಮ್ಮ, ತನ್ನ ಕೆಮ್ಮಿನ ಬಾಟಲಿಗೆ ಕೈ ಚಾಚುತ್ತ.

‘ಅಪ್ಪಯ್ಯಂಗೂ ಕೇಳಿತ್ತು’ ಎಂದಳು ಶ್ರೀಗೌರಿ. ಕಣ್ಣು ಕೆಂಪಾಗಿತ್ತು, ನಗು ತಡೆಯಲಾಗುತ್ತಿರಲಿಲ್ಲ. ‘ಹೋದ ವರ್ಷ ನಾನೇ ಕಿವಿಗೆ ಮಶೀನ್ ಹಾಕಿಸಿದ್ದೆ ಟೀಚರ್. ಫೋನು ಸೀದಾ ಅದರೊಳಗೇ ಮಾತಾಡ್ತದೆ. ಅವರಿಗೆ ಒಂದು ಅಕ್ಷರ ತಪ್ಪೂದಿಲ್ಲ.’

ಸುಚಿತಾ ಸ್ಟೂಲು ಎಳೆದುಕೊಂಡು, ಬಂದಾಗಿನಿಂದ ಮೊದಲ ಸಲ ಕೂತಳು.

‘ಇನ್ನೊಂದು ಸಲ ಕೇಳಿದ್ದಿದ್ರೂ ಹೇಳ್ತಿದ್ದೆ’ ಎಂದಳು.